ಕರಿಕಲ್ಲಿನ ಸದ್ದು

ಕಣ್ಣು ಮಂದವಾಗದಿದ್ದರೆ ನಾನು ಕಲ್ಲಿದ್ದಲಿನ ಕೆಲಸಕ್ಕೆ ಹೋಗುತ್ತಿರಲಿಲ್ಲ. ರಾಯದುರ್ಗದ ನಮ್ಮ ಮನೆಯವರೆಲ್ಲ ಜೀನ್ಸ್ ಪ್ಯಾಂಟು ಹೊಲಿಯುವವರು. ನನ್ನ ಗಂಡ ಜಿಪ್ಪು ಕೂರಿಸುತ್ತಾನೆ, ಭಾವ ಕತ್ತರಿಸುತ್ತಾನೆ, ನಾನು ಜೇಬು ಹೊಲಿಯುತ್ತಿದ್ದೆ. ಕಡುನೀಲಿ ಬಟ್ಟೆಯ ಮೇಲೆ ಕಡುನೀಲಿ ದಾರ. ಒಂಬತ್ತು ವರ್ಷ ಅದನ್ನೇ ನೋಡಿದ ಮೇಲೆ ಹೊಲಿಗೆ ಎಲ್ಲಿ ಮುಗಿದಿದೆ, ಎಲ್ಲಿ ತಪ್ಪಿದೆ ಎನ್ನುವುದು ಕಾಣದಾಯಿತು. ಕನ್ನಡಕ ಹಾಕಿಸಿಕೊಂಡೆ. ಆದರೂ ಸೂಜಿ ಎರಡು ಸಲ ಬೆರಳಿಗೆ ಇಳಿಯಿತು. ಯೂನಿಟ್ಟಿನ ಮಾಲೀಕರು, 'ಸ್ವಲ್ಪ ದಿನ ಮನ್ಯಾಗ ಇರ್ರಿ' ಎಂದರು. ಸ್ವಲ್ಪ ದಿನ ಎಂದರೆ ಎಷ್ಟು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಗ ನನ್ನನ್ನು ಕರೆದುಕೊಂಡು ಹೋದವಳು ನನ್ನ ವಾರಗಿತ್ತಿ, ಭಾವನ ಹೆಂಡತಿ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಮ್ಮದು ಒಂದೇ ಮನೆ, ಒಂದೇ ಒಲೆ. ನಾನು ಮಡಕಶಿರಾ ಕಡೆಯವಳು, ಅಗಳಿ ಹತ್ತಿರದ ಊರು ನನ್ನದು. ಮದುವೆಯಾಗಿ ಬಂದ ಹೊಸದರಲ್ಲಿ ನಾನು 'ಅಂಗೆ', 'ಇಂಗೆ' ಎಂದರೆ ಮನೆಯಲ್ಲಿ ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ. ಯಾರಾದರೂ ನಕ್ಕರೆ, 'ಅಕಿ ಮಾತು ಅಕಿಗೆ, ನಿಮ್ದು ನಿಮಗ' ಎಂದು ಸುಮ್ಮನಾಗಿಸುತ್ತಿದ್ದಳು. ಅವಳು ಆಗಲೇ ಎರಡು ವರ್ಷದಿಂದ ಓಬಳಾಪುರ ದಾಟಿ ರಾಜ್ಯದ ಗಡಿಯ ಹತ್ತಿರ ಇದ್ದ ಒಂದು ಸ್ಪಂಜ್ ಐರನ್ ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ಕಬ್ಬಿಣದ ಅದಿರನ್ನು ಸುಡಲು ಕಲ್ಲಿದ್ದಲು ಬೇಕು. ಲಾರಿಗಳಲ್ಲಿ ಬರುವ ಕಲ್ಲಿದ್ದಲಿನ ಜೊತೆಗೆ ಕಲ್ಲೂ ಬರುತ್ತದೆ. ಆ ಕಲ್ಲನ್ನು ಆರಿಸಿ ತೆಗೆಯುವುದು ಹೆಂಗಸರ ಕೆಲಸ.

'ತೊಳೆದ್ರೆ ಕಲ್ಲು ಬೇರೆ ಆಗಲ್ವ ಅಕ್ಕ?' ಎಂದು ಕೇಳಿದ್ದೆ.

'ನೀರು ಎಲ್ಲೈತೆವ್ವ ಅಲ್ಲಿ? ಕುಡಿಯಾಕ ಟ್ಯಾಂಕರು ಬರ್ತತಿ. ಇದ್ರೂ ತೊಳೆಯಂಗಿಲ್ಲ. ಹಸಿ ಕಲ್ಲಿದ್ದಲು ಕುಲುಮಿಗೆ ಹಾಕಿದ್ರ ಬೈತಾರ. ಕೈಲೇ ಆರಿಸಬೇಕು, ಕಣ್ಣೀಲೆ ನೋಡಬೇಕು.'

ಕಣ್ಣಿನಿಂದ ನೋಡುವ ಕೆಲಸವಾದರೆ ಅದೂ ನನ್ನಿಂದ ಆಗದು ಎನಿಸಿತ್ತು. ಆದರೂ ಹೋದೆ.

ಬೆಳಿಗ್ಗೆ ಏಳಕ್ಕೆ ಟೆಂಪೋ ಬರುತ್ತಿತ್ತು. ನಾವು ಎಂಟು ಮಂದಿ. ಕಾರ್ಖಾನೆ ಹತ್ತಿರ ಬಂದಂತೆ ರಸ್ತೆ, ಬೇಲಿ, ಎಮ್ಮೆಯ ಬೆನ್ನು ಎಲ್ಲ ಅದಿರಿನ ಧೂಳಿಗೆ ಕೆಂಪು. ಗೇಟಿನ ಒಳಗೆ ಎಡಕ್ಕೆ ತಿರುಗಿದರೆ ಅಲ್ಲಿಂದ ಎಲ್ಲ ಕಪ್ಪು. ತಗಡಿನ ಚಾವಣಿಯ ಕೆಳಗೆ ಒಂದು ಉದ್ದನೆಯ ಬೆಲ್ಟು ಹರಿಯುತ್ತಿತ್ತು. ಅದರ ಎರಡೂ ಬದಿಗೆ ನಾಲ್ಕು ನಾಲ್ಕು ಹೆಂಗಸರು ನಿಂತು, ಹರಿದು ಹೋಗುವ ಕಲ್ಲಿದ್ದಲಿನಿಂದ ಕಲ್ಲನ್ನು ಎತ್ತಿ ಹಿಂದಕ್ಕೆ ಎಸೆಯಬೇಕು. ಬಿಳಿ ಕಲ್ಲಾದರೆ ಯಾರಿಗೂ ಕಾಣುತ್ತದೆ. ಆದರೆ ಅಲ್ಲಿ ಬರುತ್ತಿದ್ದ ಕಲ್ಲೂ ಕಪ್ಪು. ನಾವು ಅದಕ್ಕೆ ಕರಿಕಲ್ಲು ಎನ್ನುತ್ತಿದ್ದೆವು. ಅಕ್ಕ ಮೊದಲ ದಿನ ಎರಡು ತುಂಡು ನನ್ನ ಎರಡು ಕೈಗೆ ಕೊಟ್ಟು, 'ಯಾವುದು ಕಲ್ಲು?' ಎಂದಳು. ನನಗೆ ಎರಡೂ ಒಂದೇ ಕಂಡವು.

'ಕಲ್ಲಿದ್ದಲಿಗೆ ಮಿಂಚು ಇರ್ತತಿ. ಕಲ್ಲು ಸಪ್ಪಗ ಇರ್ತತಿ. ನೋಡು.'

ನನಗೆ ಮಿಂಚು ಕಾಣಲಿಲ್ಲ. ಹರಿಯುವ ಬೆಲ್ಟಿನ ಮೇಲಂತೂ ಏನೂ ಕಾಣುತ್ತಿರಲಿಲ್ಲ. ಮೊದಲ ವಾರವೆಲ್ಲ ಅಕ್ಕ ತನ್ನ ಪಾಲಿನದರ ಜೊತೆ ನನ್ನ ಪಾಲಿನ ಕಲ್ಲನ್ನೂ ಎತ್ತಿದಳು. ಸೂಪರ್‌ವೈಸರ್ ಬಂದಾಗ ನನ್ನನ್ನು ತನ್ನ ಹಿಂದೆ ಸರಿಸಿ ನಿಲ್ಲುತ್ತಿದ್ದಳು. ಹೀಗೆ ಎಷ್ಟು ದಿನ ಎಂದು ನನಗೆ ನಾಚಿಕೆಯಾಗಿ, ಕಣ್ಣನ್ನು ಬಿಟ್ಟು ಬೇರೆ ದಾರಿ ಹುಡುಕಿದೆ. ಕೈಯಲ್ಲಿ ಒಂದು ಚಿಕ್ಕ ಕಬ್ಬಿಣದ ಬೋಲ್ಟು ಹಿಡಿದುಕೊಂಡು, ಅನುಮಾನ ಬಂದ ತುಂಡನ್ನು ಟಕ್ ಎಂದು ಮುಟ್ಟುತ್ತಿದ್ದೆ. ಕಲ್ಲಾದರೆ ಸದ್ದು ಗಟ್ಟಿ, ಹಿಂದಕ್ಕೆ ಬರುತ್ತದೆ. ಕಲ್ಲಿದ್ದಲಾದರೆ ಸದ್ದು ಒಳಗೇ ಉಳಿಯುತ್ತದೆ. ಅರ್ಧ ಕಲ್ಲು ಅರ್ಧ ಕಲ್ಲಿದ್ದಲು ಇರುವ ತುಂಡುಗಳೂ ಇರುತ್ತವೆ, ಅವು ಒಂದು ಮಗ್ಗುಲಲ್ಲಿ ಒಂದು ಥರ, ಇನ್ನೊಂದು ಮಗ್ಗುಲಲ್ಲಿ ಇನ್ನೊಂದು ಥರ ಮಾತಾಡುತ್ತವೆ. ಎರಡು ತಿಂಗಳಲ್ಲಿ ನನಗೆ ಬೋಲ್ಟೂ ಬೇಕಾಗಲಿಲ್ಲ. ತುಂಡಿಗೆ ತುಂಡು ತಾಗಿದರೆ ಸಾಕಿತ್ತು. ಬೆಲ್ಟಿನ ಅಷ್ಟು ಗದ್ದಲದಲ್ಲೂ ನನಗೆ ಅದು ಬೇರೆಯಾಗಿ ಕೇಳುತ್ತಿತ್ತು. ಹೆಂಗಸರು ಅನುಮಾನ ಬಂದದ್ದನ್ನು ನನ್ನ ಕಡೆ ಎಸೆದು, 'ಕೇಳಿ ಹೇಳವ್ವ' ಎನ್ನುವಷ್ಟಾಯಿತು. ಅಕ್ಕನಿಗೆ ಅದು ಹೆಮ್ಮೆ. 'ನಮ್ಮ ಮನಿ ಸೊಸಿ' ಎಂದು ಟೆಂಪೋದಲ್ಲಿ ಹೇಳಿಕೊಳ್ಳುತ್ತಿದ್ದಳು.

ಒಂದು ವರ್ಷ ಕಳೆದ ಮೇಲೆ ಯಂತ್ರ ಬಂತು.

ಅದನ್ನು ಕೂರಿಸಲು ಬಂದ ಇಂಜಿನಿಯರ್ ಉತ್ತರದ ಕಡೆಯವನು, ಹಿಂದಿ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವನ ಮಾತನ್ನು ನಮಗೆ ತಿಳಿಸುತ್ತಿದ್ದವನು ಯಂತ್ರ ನಡೆಸಲು ನೇಮಿಸಿದ ಆಪರೇಟರ್, ಡಿ. ಹಿರೇಹಾಳ್ ಕಡೆಯ ಮನುಷ್ಯ. ಯಂತ್ರವೆಂದರೆ ಒಂದು ದೊಡ್ಡ ಓರೆ ಮೇಜು. ಮೈತುಂಬ ಸಣ್ಣ ತೂತುಗಳು. ಕೆಳಗಿನಿಂದ ಫ್ಯಾನು ಗಾಳಿ ಊದುತ್ತದೆ, ಮೇಜು ಒಂದೇ ಸಮನೆ ನಡುಗುತ್ತದೆ. ಮೇಲೆ ಸುರಿದ ಕಲ್ಲಿದ್ದಲು ಹಗುರವಾದ್ದರಿಂದ ಗಾಳಿಯಲ್ಲಿ ಮೇಲೆದ್ದು ಇಳಿಜಾರಿಗೆ ಹರಿಯುತ್ತದೆ. ಕಲ್ಲು ಭಾರವಾದ್ದರಿಂದ ಮೇಜಿಗೆ ಅಂಟಿಕೊಂಡು, ನಡುಕಕ್ಕೆ ಒಂದೊಂದೇ ಹೆಜ್ಜೆ ಇಟ್ಟಂತೆ ಇನ್ನೊಂದು ತುದಿಗೆ ಹೋಗಿ ಬೀಳುತ್ತದೆ. ನೀರಿನ ಹನಿ ಬೇಡ.

'ದೊಡ್ಡ ಮೊರ ಇದು,' ಎಂದಳು ಅಕ್ಕ ಅದನ್ನು ನೋಡಿ. ಎಲ್ಲರೂ ನಕ್ಕೆವು. ನಮ್ಮ ಕೆಲಸ ಹಗುರವಾಗುತ್ತದೆ ಎಂದುಕೊಂಡಿದ್ದೆವು.

ಮೇಜು ಎಷ್ಟು ಓರೆ ಇರಬೇಕು, ಗಾಳಿ ಎಷ್ಟು ಬಿಡಬೇಕು ಎನ್ನುವುದು ಇಂಜಿನಿಯರಿಗೆ ಸರಿಯಾಗಿ ಕೂರುತ್ತಿರಲಿಲ್ಲ. ಒಮ್ಮೆ ಕಲ್ಲಿನ ಜೊತೆ ಕಲ್ಲಿದ್ದಲೂ ಹೋಗುತ್ತಿತ್ತು, ಇನ್ನೊಮ್ಮೆ ಕಲ್ಲಿದ್ದಲಿನ ಜೊತೆ ಕಲ್ಲೂ ಬರುತ್ತಿತ್ತು. ಲ್ಯಾಬಿಗೆ ಕಳಿಸಿದರೆ ಸುಟ್ಟು ಬೂದಿ ತೂಗಿ ಹೇಳಲು ಮರುದಿನವಾಗುತ್ತಿತ್ತು. ಅಷ್ಟು ಹೊತ್ತು ಕಾಯಲು ಅವನಿಗೆ ತಾಳ್ಮೆ ಇರಲಿಲ್ಲ. ಸೂಪರ್‌ವೈಸರ್ ನಮ್ಮೆಲ್ಲರನ್ನೂ ಕರೆದು ನಿಲ್ಲಿಸಿದ. ಒಂದು ರಾಶಿ ಬೆರೆಸಿದ ತುಂಡುಗಳನ್ನು ಮುಂದೆ ಹಾಕಿ ಆರಿಸಲು ಹೇಳಿದರು. ಉಳಿದವರು ನೋಡಿ ಆರಿಸಿದರು, ನಾನು ಕೇಳಿ ಆರಿಸಿದೆ. ನನ್ನ ಬುಟ್ಟಿಯಲ್ಲಿ ಒಂದೂ ತಪ್ಪಿರಲಿಲ್ಲ.

ಇಂಜಿನಿಯರ್ ನನ್ನನ್ನು ನೋಡಿ ಏನೋ ಹೇಳಿದ. ಆಪರೇಟರ್ ಕನ್ನಡದಲ್ಲಿ ಹೇಳಿದ: 'ನಾಳಿಂದ ನೀವು ಮಷೀನ್ ಹತ್ರ ಬರ್ರಿ. ಇವರು ಬರೇ ನಿಮ್ಮನ್ನ ಕೇಳ್ತಾರ.'

ಇಲ್ಲಿ ಒಂದು ನಿಜ ಹೇಳಬೇಕು. ನನಗೆ ತುಂಬ ಸಂತೋಷವಾಯಿತು. ಹುಟ್ಟಿದಾಗಿನಿಂದ ಯಾರೂ ನನ್ನನ್ನು ಸಾಲಿನಿಂದ ಬೇರೆ ಮಾಡಿ ಇವಳೇ ಬೇಕು ಎಂದಿರಲಿಲ್ಲ.

ಹತ್ತು ದಿನ ನಾನು ಯಂತ್ರದ ಪಕ್ಕದಲ್ಲಿ ಕೂತೆ. ಆಪರೇಟರ್ ಯಂತ್ರದಿಂದ ಹೊರಬಿದ್ದ ತುಂಡುಗಳನ್ನು ಮೂರು ತಟ್ಟೆಗಳಲ್ಲಿ ತಂದಿಡುತ್ತಿದ್ದ. ನಾನು ತಟ್ಟಿ ನೋಡಿ, ಇದರಲ್ಲಿ ಇಷ್ಟು ಕಲ್ಲು, ಇದರಲ್ಲಿ ಇಷ್ಟು ಕಲ್ಲಿದ್ದಲು ಎಂದು ಬೇರೆ ಮಾಡುತ್ತಿದ್ದೆ. ಇಂಜಿನಿಯರ್ ಅದನ್ನು ನೋಡಿ ಮೇಜನ್ನು ಒಂದು ಕೂದಲಷ್ಟು ಎತ್ತುವನು, ಇಳಿಸುವನು, ಗಾಳಿ ತಿರುವುವನು. ಮತ್ತೆ ತಟ್ಟೆ ಬರುವುದು. ಏಳನೆಯ ದಿನ ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಆಪರೇಟರ್ ನನಗೆ ಮೆಲ್ಲಗೆ ಹೇಳಿದ:

'ಇದು ಸರಿ ಹೋದ ಮ್ಯಾಲೆ ಬೆಲ್ಟಿನ ಹೆಣ್ಮಕ್ಕಳನ್ನ ಬಿಡಸ್ತಾರಂತ. ನಿಮ್ಮೊಬ್ಬರನ್ನ ಇಟ್ಕೊಂತಾರ. ನೀವು ಯಾರ ಮುಂದೂ ಅನ್ನಬ್ಯಾಡ್ರಿ, ಮ್ಯಾನೇಜರ್ ಸಾರು ನನ್ನನ್ನ ಬೈತಾರ.'

ಬುತ್ತಿಯನ್ನು ಅರ್ಧಕ್ಕೇ ಮುಚ್ಚಿಟ್ಟೆ. ಆದರೆ ಮಧ್ಯಾಹ್ನ ತಟ್ಟೆ ಬಂದಾಗ ಎಂದಿನಂತೆ ಆರಿಸಿದೆ. ಎಂಟನೆಯ ದಿನ, ಒಂಬತ್ತನೆಯ ದಿನ, ಹತ್ತನೆಯ ದಿನವೂ ಆರಿಸಿದೆ. ಟೆಂಪೋದಲ್ಲಿ ಎಲ್ಲರ ನಡುವೆ ಕೂತು ಹೋದೆ, ಬಂದೆ. ಯಾರಿಗೂ ಹೇಳಲಿಲ್ಲ. ಹೇಳಬೇಕು ಎಂದುಕೊಳ್ಳುತ್ತಿದ್ದೆ. ಮನೆ ಬಂದ ಮೇಲೆ ಅಕ್ಕನಿಗೆ ಮಾತ್ರವಾದರೂ ಹೇಳೋಣ ಎಂದುಕೊಳ್ಳುತ್ತಿದ್ದೆ. ಮನೆ ಬಂದರೆ ಅವಳು ಕೈಕಾಲು ತೊಳೆದು ಒಲೆ ಮುಂದೆ ಕೂರುತ್ತಿದ್ದಳು, ನಾನು ಹಿಟ್ಟು ನಾದಲು ಕೂರುತ್ತಿದ್ದೆ, ಮಾತು ಬೇರೆ ಎಲ್ಲಿಗೋ ಹೋಗುತ್ತಿತ್ತು.

ಶನಿವಾರ ಸೂಪರ್‌ವೈಸರ್ ಏಳು ಮಂದಿಗೆ ಸೋಮವಾರದಿಂದ ಬರುವುದು ಬೇಡ ಎಂದ. ಅವರಲ್ಲಿ ಅಕ್ಕನೂ ಇದ್ದಳು. ವಾಪಸು ಬರುವಾಗ ಟೆಂಪೋದಲ್ಲಿ ಯಾರೂ ನನ್ನನ್ನು ಬೈಯಲಿಲ್ಲ. ಒಬ್ಬಳು ಮಾತ್ರ ಇಳಿಯುವಾಗ, 'ಹತ್ತು ದಿನ ಮಷೀನಿಗೆ ನಮ್ಮ ಕೆಲಸ ಕಲಿಸಿದೇನವ್ವ' ಎಂದಳು. ಅಕ್ಕ ಕೇಳಿಸದವಳಂತೆ ಚೀಲ ಎತ್ತಿಕೊಂಡು ಇಳಿದಳು.

ಸೋಮವಾರ ಬೆಳಿಗ್ಗೆ ಅಕ್ಕ ಎಂದಿನಂತೆ ಎದ್ದು ರೊಟ್ಟಿ ಬಡಿದಳು. ಒಂದೇ ಬುತ್ತಿ ಕಟ್ಟಿ ನನ್ನ ಮುಂದಿಟ್ಟಳು. ಎಂಟು ಜನ ಕೂರುತ್ತಿದ್ದ ಟೆಂಪೋ ನನ್ನೊಬ್ಬಳಿಗಾಗಿ ಬರುವುದಿಲ್ಲವಲ್ಲ, ಅಂದಿನಿಂದ ಕಾರ್ಖಾನೆಯ ಜೀಪು ದೊಡ್ಡ ರಸ್ತೆಯಲ್ಲಿ ನಿಲ್ಲತೊಡಗಿತು. ಅದರ ತುಂಬ ಗಂಡಸರು. ನಾನು ಹಿಂದಿನ ಮೂಲೆಯಲ್ಲಿ ಕೂರುತ್ತಿದ್ದೆ.

ಯಂತ್ರದ ಧೂಳಿಗೆ ಅಲ್ಲಿ ಯಾರಿಗೂ ಕೂರಲಾಗುತ್ತಿರಲಿಲ್ಲ ಎಂದು ನನಗಾಗಿ ಒಂದು ಕ್ಯಾಬಿನ್ ಮಾಡಿಸಿದರು. ತಗಡಿನ ನಾಲ್ಕು ಗೋಡೆ, ಒಂದು ಮೇಜು, ಒಂದು ಸ್ಟೂಲು, ಒಂದು ಲೈಟು. ತೆರೆಯಲಾಗದ ಒಂದು ಗಾಜಿನ ಕಿಟಕಿ. ಬಾಗಿಲು ಹೊರಗಡೆಗೆ ತೆರೆಯುತ್ತಿತ್ತು, ಸುತ್ತ ರಬ್ಬರ್ ಪಟ್ಟಿ ಬಡಿದಿದ್ದರು. ಗೋಡೆಯಲ್ಲಿ ತಟ್ಟೆ ತೂರುವಷ್ಟು ಒಂದು ಕಿಂಡಿ, ಅದಕ್ಕೊಂದು ಮುಚ್ಚಳ. ಲಾರಿಗೊಂದು ಥರದ ಕಲ್ಲಿದ್ದಲು ಬರುತ್ತಿದ್ದುದರಿಂದ ಯಂತ್ರವನ್ನು ದಿನವಿಡೀ ಸರಿಪಡಿಸುತ್ತಲೇ ಇರಬೇಕಿತ್ತು. ಕಾಲು ಗಂಟೆಗೊಮ್ಮೆ ಆಪರೇಟರ್ ಕಿಂಡಿಯಿಂದ ತಟ್ಟೆ ತಳ್ಳುತ್ತಿದ್ದ. ನಾನು ತಟ್ಟಿ ಆರಿಸಿ, ಕಲ್ಲು, ಕಲ್ಲಿದ್ದಲು, ಎರಡೂ ಬೆರೆತದ್ದು ಎಂದು ಮೂರು ಗುಂಪು ಮಾಡಿ, ಹಿಂದಕ್ಕೆ ತಳ್ಳುತ್ತಿದ್ದೆ. ಫೋನು ಗೇಟಿನಲ್ಲೇ ಕೊಟ್ಟು ಬರಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ನನ್ನ ಜೊತೆ ಮಾತಾಡುವ ಒಂದು ಜೀವ ಇರಲಿಲ್ಲ. ಬೆಲ್ಟಿನ ಬಳಿ ಇದ್ದಾಗ ಕಾಲು ನೋಯುತ್ತಿತ್ತು, ಆದರೆ ಎಲ್ಲರ ಮನೆಯ ಸುದ್ದಿ ಕಿವಿಗೆ ಬೀಳುತ್ತಿತ್ತು. ಇಲ್ಲಿ ಗಾಳಿಯ ಭೋರ್ಗರೆತ, ನನ್ನ ಟಕ್ ಟಕ್. ಎರಡೇ.

ಮನೆಯಲ್ಲೂ ಅದೇ. ಅಕ್ಕ ಜಗಳವಾಡಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಉಪ್ಪು ಎಲ್ಲಿ ಎಂದರೆ 'ಮೇಲೈತಿ'. ಊಟ ಆಯಿತಾ ಎಂದರೆ 'ಆತು'. ನನ್ನ ಮಗಳಿಗೆ ಮಾತ್ರ ಮೊದಲಿನಂತೆ ಜಡೆ ಹಾಕುತ್ತಿದ್ದಳು, ಕತೆ ಹೇಳುತ್ತಿದ್ದಳು. ನಾನು ಕೋಣೆಗೆ ಬಂದರೆ ಕತೆ ಸಣ್ಣದಾಗುತ್ತಿತ್ತು. ಒಂದು ಭಾನುವಾರ ಅಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿ, ತವರಿಗೆ ಬಂದುಬಿಡುತ್ತೇನೆ ಎಂದೆ.

'ಬಾ ಮಗಳೆ, ಯಾರು ಬ್ಯಾಡ ಅಂದ್ರು,' ಎಂದಳು ಅಮ್ಮ. 'ಬಂದು ಏನ್ ಮಾಡ್ತೀಯ? ನಾಲ್ಕು ದಿನ ಆದ್ಮೇಲೆ ಅಲ್ಗೇ ವೋಗ್‌ಬೇಕಲ್ಲ ಕಣವ್ವ. ಓರಗಿತ್ತಿ ಮಾತಾಡಲ್ಲ ಅಂತ ಗಂಡನ ಮನೆ ಬುಟ್ ಬಂದೋರ್ ಉಂಟಾ? ನೀನೇ ಮಾತಾಡ್ಸು.'

ಮಾತಾಡಿಸುತ್ತಲೇ ಇದ್ದೆ. ಆಡಬೇಕಾದ ಮಾತೊಂದನ್ನು ಬಿಟ್ಟು.

ಮ್ಯಾನೇಜರ್ ಹತ್ತಿರ ಹೋಗಿ ಕೆಲಸ ಬಿಡುತ್ತೇನೆ ಎಂದೂ ಒಮ್ಮೆ ಹೇಳಿದೆ. ಅವರು ತೆಲುಗಿನವರು, ಕನ್ನಡ ಚೆನ್ನಾಗಿಯೇ ಬರುತ್ತದೆ. ಕೂರಿಸಿ ಟೀ ತರಿಸಿದರು. 'ಯಾಕಮ್ಮಾ, ಯಾರಾದರೂ ಏನಾದರೂ ಅಂದರಾ? ಬಿಡುವುದಾದರೆ ಬಿಡಿ. ಒಬ್ಬರಿಗೆ ಕಲಿಸಿ ಹೋಗಿ.' ಒಬ್ಬ ಹುಡುಗಿಯನ್ನು ಕಳಿಸಿದರು, ಇಂಟರ್, ಅಂದರೆ ಪಿಯುಸಿ ಓದಿದವಳು. ಆ ಪುಟ್ಟ ಕ್ಯಾಬಿನ್ನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಮೂರು ವಾರ ಕಲಿಸಿದೆ. ಅವಳಿಗೆ ಸದ್ದು ಬೇರೆಯಾಗಿ ಕೇಳಲೇ ಇಲ್ಲ. 'ಎಲ್ಲಾ ಒಂದೇ ಅಲ್ಲೇನ್ರೀ ಅಕ್ಕಾ' ಎನ್ನುತ್ತಿದ್ದಳು. ನಾಲ್ಕನೆಯ ವಾರ ಬರಲಿಲ್ಲ. ಮತ್ತೆ ಯಾರನ್ನೂ ಕಳಿಸಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. ಅವಳಿಗೆ ಕೇಳದಿದ್ದಾಗ ನನಗೆ ಒಳಗೊಳಗೇ ಸಮಾಧಾನವಾಗಿತ್ತು. ಬಿಡಿಸಿಕೊಂಡು ಹೋಗಬೇಕೆನ್ನುವವಳಿಗೆ ಸಮಾಧಾನ ಯಾಕಾಗಬೇಕು ಎಂದು ನನಗೇ ತಿಳಿಯಲಿಲ್ಲ.

ಹೀಗೆ ಏಳೆಂಟು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ತಟ್ಟೆ ಬರುವ ಹೊತ್ತಾದರೂ ಬರಲಿಲ್ಲ. ಆಪರೇಟರ್ ಮನೆಯಿಂದ ಏನೋ ಸುದ್ದಿ ಬಂದಿದೆ ಎಂದು ಗೇಟಿನ ಕಡೆ ಹೋಗಿದ್ದ, ಅದು ನನಗೆ ಆಮೇಲೆ ಗೊತ್ತಾದದ್ದು. ಹೊರಗೆ ಕಲ್ಲು ಬೀಳುವ ಕೊಳವೆ ಕಟ್ಟಿಕೊಂಡಿತ್ತು. ಯಂತ್ರದ ಮೇಜು ಮಾತ್ರ ನಡುಗುತ್ತ ಕಲ್ಲನ್ನು ಆ ತುದಿಗೆ ತಳ್ಳುತ್ತಲೇ ಇತ್ತು. ಹೋಗಲು ದಾರಿ ಇಲ್ಲದ ಕಲ್ಲು ಮೇಜಿನ ಅಂಚು ದಾಟಿ ಕೆಳಗೆ ಸುರಿಯತೊಡಗಿತ್ತು. ಕೆಳಗೆ ಇದ್ದದ್ದು ನನ್ನ ಬಾಗಿಲು.

ತಗಡಿಗೆ ಏನೋ ಬಡಿಯುತ್ತಿದೆ ಎಂದು ಮೊದಲು ಅನಿಸಿತು. ಎದ್ದು ಬಾಗಿಲು ತಳ್ಳಿದೆ. ಒಂದು ಬೆರಳಷ್ಟೂ ಕದಲಲಿಲ್ಲ. ಭುಜ ಕೊಟ್ಟು ತಳ್ಳಿದೆ. ಅಷ್ಟರಲ್ಲಿ ಮೇಲೆ ಧೂಳು ಎಳೆಯುವ ಪೈಪು ಎಲ್ಲೋ ಕಿತ್ತುಕೊಂಡಿರಬೇಕು, ಗಾಜಿನ ಆಚೆ ಎಲ್ಲ ಒಮ್ಮೆಲೆ ಕಪ್ಪಾಯಿತು. ಒಂದು ಗಳಿಗೆಗೆ ಮುಂಚೆ ಹಗಲಿತ್ತು, ಯಂತ್ರ ಕಾಣುತ್ತಿತ್ತು. ಈಗ ಗಾಜಿಗೆ ಕಪ್ಪು ಬಟ್ಟೆ ಒತ್ತಿ ಹಿಡಿದಂತೆ. ಕಿಂಡಿಯ ಮುಚ್ಚಳದ ಸಂದಿಯಿಂದ ಧೂಳು ಹೊಗೆಯಂತೆ ಒಳಗೆ ಬರುತ್ತಿತ್ತು. ಸೀರೆಯ ಸೆರಗನ್ನು ಬಾಟಲಿಯ ನೀರಲ್ಲಿ ಒದ್ದೆ ಮಾಡಿ ಸಂದಿಗೆ ತುರುಕಿದೆ. ಉಳಿದ ತುದಿಯಿಂದ ಮೂಗು ಮುಚ್ಚಿಕೊಂಡೆ. ಕೂಗಿದೆ. ಗಾಳಿಯ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಕಲ್ಲಿದ್ದಲಿನ ಧೂಳಿಗೆ ಒಂದು ಕಿಡಿ ಸಾಕು ಎಂದು ಗೋಡೆಗೆ ಅಂಟಿಸಿದ್ದ ಬೋರ್ಡನ್ನು ದಿನವೂ ಓದುತ್ತಿದ್ದೆ. ಅದು ನೆನಪಾಗಿ ಲೈಟಿನ ಸ್ವಿಚ್ಚಿಗೆ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಉರಿಯುತ್ತಿದ್ದುದು ಉರಿಯಲಿ ಎಂದು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತೆ.

ಎಷ್ಟೋ ಹೊತ್ತಿನ ಮೇಲೆ ಯಂತ್ರ ತಾನಾಗಿ ನಿಂತಿತು. ಲೈಟೂ ಹೋಯಿತು. ಅಷ್ಟು ತಿಂಗಳಲ್ಲಿ ನಾನು ಆ ಜಾಗದಲ್ಲಿ ನಿಶ್ಶಬ್ದ ಕೇಳಿದ್ದು ಅದೇ ಮೊದಲು. ಕಣ್ಣು ಬಿಟ್ಟರೂ ಮುಚ್ಚಿದರೂ ಒಂದೇ. ಹೊರಗೆ ರಾಶಿಯಿಂದ ಒಂದೊಂದೇ ತುಂಡು ಜಾರಿ ತಗಡಿಗೆ ಬಡಿಯುತ್ತಿತ್ತು. ಕಲ್ಲು. ಕಲ್ಲು. ಕಲ್ಲಿದ್ದಲು. ಕಲ್ಲು. ಮಗಳ ಮುಖ ಕಣ್ಣ ಮುಂದೆ ಇದೆ, ಆದರೂ ಕಿವಿ ತನ್ನ ಪಾಡಿಗೆ ಆರಿಸುತ್ತಿದೆ. ನಿಲ್ಲಿಸಬೇಕೆಂದು ಎರಡೂ ಕಿವಿ ಮುಚ್ಚಿಕೊಂಡೆ. ಅಂಗೈಯಡಿಯಲ್ಲೂ ಕೇಳಿತು. ಆಗ ಅಳು ಬಂತು.

ಆಪರೇಟರ್ ವಾಪಸು ಬಂದು ನೋಡಿದಾಗ ನಾನು ಊಟಕ್ಕೆ ಹೋಗಿದ್ದೇನೆ ಎಂದುಕೊಂಡನಂತೆ. ಕ್ಯಾಂಟೀನಿನಲ್ಲಿ ಇಲ್ಲ ಎಂದು ತಿಳಿದ ಮೇಲೆ ನಾಲ್ಕು ಜನರನ್ನು ಕರೆದುಕೊಂಡು ಓಡಿ ಬಂದ. ಸಲಿಕೆ ಕಲ್ಲಿಗೆ ತಾಗುವ ಸದ್ದು ಕೇಳಿ ನಾನು ತಗಡು ಬಡಿದೆ.

'ಅದೀರೇನ್ರೀ ಒಳಗ? ಮಾತಾಡ್ರಿ,' ಎಂದ.

'ಇದೀನಿ,' ಎಂದೆ.

ಅರ್ಧ ಬಾಗಿಲು ತೆರೆಯುವಷ್ಟು ಕಲ್ಲು ತೆಗೆದರು, ನಾನು ಓರೆಯಾಗಿ ನುಸುಳಿ ಹೊರಬಂದೆ. ಬಿಸಿಲು ಕಣ್ಣಿಗೆ ಹೊಡೆಯಿತು. ಆಪರೇಟರ್ ನನ್ನ ಮುಖ ನೋಡಲಾರದೆ ಸಲಿಕೆ ಹಿಡಿದು ನಿಂತಿದ್ದ. ಮ್ಯಾನೇಜರ್ ಬಂದು, 'ಏನೂ ಆಗಿಲ್ಲವಲ್ಲಮ್ಮಾ, ದೇವರು ದೊಡ್ಡವನು, ಇವತ್ತು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ' ಎಂದರು.

ಜೀಪಿನವನು ಮನೆಯ ಬಾಗಿಲಿಗೇ ತಂದು ಬಿಟ್ಟ. ಬಾಗಿಲು ತೆರೆದವಳು ಅಕ್ಕ. ತಲೆಯಿಂದ ಕಾಲಿನವರೆಗೆ ನೋಡಿ, ಬಚ್ಚಲ ಒಲೆಗೆ ಬೆಂಕಿ ಹಾಕಿದಳು. ನೀರು ಕಾಯುವವರೆಗೆ ನಾನು ಬಚ್ಚಲ ಕಟ್ಟೆಯ ಮೇಲೆ ಕೂತು ಆದದ್ದನ್ನು ಹೇಳಿದೆ. ಅದು ಮುಗಿದ ಮೇಲೆ, ನಿಲ್ಲಿಸಲಾಗದೆ ಇನ್ನೊಂದನ್ನೂ ಹೇಳಿದೆ.

'ಅಕ್ಕ, ನಿಮ್ಮನ್ನ ಬಿಡಿಸ್ತಾರೆ ಅಂತ ನಂಗೆ ಮೂರು ದಿನ ಮುಂಚೇನೇ ಗೊತ್ತಿತ್ತು. ಗೊತ್ತಿದ್ದೂ ಕಲಿಸ್ದೆ. ನಿಂಗೆ ಹೇಳ್ಲಿಲ್ಲ.'

ಅಕ್ಕ ಒಲೆಗೆ ಸೌದೆ ತಳ್ಳಿದಳು. 'ನನಗ ಗೊತ್ತಿತ್ತು,' ಎಂದಳು.

'ಹೆಂಗೆ?'

'ಟೆಂಪೋದಾಗ ನನ್ನ ಮಗ್ಗಲಾಗ ಕುಂತು ತೊಡಿ ಮ್ಯಾಲೆ ಕೈ ಇಟ್ಟು ಮಾತಾಡ್ತಿದ್ದಿ. ಆ ಮೂರು ದಿನ ಕೈ ಇಡಲಿಲ್ಲ.'

'ಹೇಳಿದ್ರೆ ಏನಾದ್ರೂ ಆಗ್ತಿತ್ತಾ ಅಕ್ಕ?'

'ಏನೂ ಆಗ್ತಿದ್ದಿಲ್ಲ. ಮಷೀನು ವಾಪಸ್ ಹೋಗ್ತಿತ್ತಾ?' ಹಂಡೆಯ ನೀರಿಗೆ ಕೈ ಅದ್ದಿ ನೋಡಿದಳು. 'ಆದ್ರೂ ಹೇಳಬೇಕಿತ್ತು ನೀನು. ನಾನು ಕರ್ಕೊಂಡು ಹೋದಾಕಿ.'

ನೀರು ಕಾದಿತ್ತು. ತಂಬಿಗೆ ಎತ್ತಿ ನನ್ನ ತಲೆಗೆ ಹೊಯ್ದಳು. ಬಚ್ಚಲಿನ ಹರಿವು ಕಪ್ಪಾಗಿ ಹೋಯಿತು. ಬೆನ್ನು ಉಜ್ಜುವಾಗ ಅವಳ ಕೈ ಜೋರಾಗಿಯೇ ಇತ್ತು, ಸಿಟ್ಟಿಗೋ ಮಸಿಗೋ ಗೊತ್ತಾಗಲಿಲ್ಲ.

ಎರಡು ದಿನ ಹೋಗಲಿಲ್ಲ. ಗಂಡನನ್ನು ಕೇಳಿದರೆ, 'ಹೋಗು ಅಂತನೂ ಹೇಳಂಗಿಲ್ಲ, ಬ್ಯಾಡ ಅಂತನೂ ಹೇಳಂಗಿಲ್ಲ. ನಿನಗ ಹೆಂಗ ಅನಸ್ತತಿ ಹಂಗ ಮಾಡು,' ಎಂದು ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತ ಕೂತ. ಮೂರನೆಯ ದಿನ ಜೀಪು ಮನೆಯ ಮುಂದೆಯೇ ನಿಂತು ಹಾರ್ನ್ ಮಾಡಿತು. ಬೀದಿಯವರೆಲ್ಲ ನೋಡುತ್ತಿದ್ದರು. ಹೋದೆ. ನೇರ ಮ್ಯಾನೇಜರ್ ಹತ್ತಿರ ನಿಂತು, ಬಾಗಿಲು ಒಳಗಡೆಗೆ ತೆರೆಯುವಂತಾಗಬೇಕು, ಹಿಂದಿನ ಗೋಡೆಗೆ ಇನ್ನೊಂದು ಬಾಗಿಲಾಗಬೇಕು, ಒತ್ತಿದರೆ ಹೊರಗೆ ಕೇಳುವಂಥ ಬೆಲ್ಲು ಬೇಕು, ಜೊತೆಗೆ ಇನ್ನೊಬ್ಬ ಹೆಂಗಸು ಬೇಕು, ಅಲ್ಲಿಯವರೆಗೆ ಒಳಗೆ ಕಾಲಿಡುವುದಿಲ್ಲ ಎಂದೆ. ಅವರು ಎಲ್ಲದಕ್ಕೂ ಆಗಲಿ ಎಂದರು. 'ಆ ಇನ್ನೊಬ್ಬರು ಯಾರು, ನೀವೇ ಹೇಳಿ' ಎಂದೂ ಕೇಳಿದರು.

ಸಂಜೆ ಅಕ್ಕನನ್ನು ಕೇಳಿದೆ. ಅವಳು ಆ ಹೊತ್ತಿಗೆ ಬಳ್ಳಾರಿ ಜಾಲಿ ಗಿಡದ ಇದ್ದಿಲು ತರಿಸಿ, ಪುಡಿ ಜರಡಿ ಹಿಡಿದು, ತುಂಡುಗಳನ್ನು ಇಸ್ತ್ರಿ ಅಂಗಡಿಗಳಿಗೆ ಕೊಡುವ ಕೆಲಸ ಹಿಡಿದಿದ್ದಳು. ಹಿತ್ತಲಲ್ಲಿ ಕೂತಿದ್ದವಳು ಜರಡಿ ನಿಲ್ಲಿಸದೆ ಹೇಳಿದಳು:

'ಆ ಡಬ್ಬ್ಯಾಗ ನಾ ಬಂದು ಕುಂದ್ರಂಗಿಲ್ಲವ್ವ. ಇಲ್ಲಿ ಗಾಳಿ ಐತಿ.'

'ನನ್ ಮೇಲೆ ಸಿಟ್ಟಿಗೆ ಅಂಗಂತೀಯ?'

'ಸಿಟ್ಟು ಬ್ಯಾರೆ, ಇದು ಬ್ಯಾರೆ.'

ಬಾಗಿಲುಗಳಾದವು, ಬೆಲ್ಲೂ ಬಂತು. ಇನ್ನೊಬ್ಬ ಹೆಂಗಸು ಬರಲಿಲ್ಲ. ನಾನು ಮತ್ತೆ ಒಳಗೆ ಕೂತೆ. ದಿನಕ್ಕೆ ನಾಲ್ಕಾರು ಸಲ ಸುಮ್ಮನೆ ಎದ್ದು ಹಿಂದಿನ ಬಾಗಿಲನ್ನು ತೆರೆದು ನೋಡಿ ಮುಚ್ಚುತ್ತೇನೆ. ಅಷ್ಟು ಮಾಡದಿದ್ದರೆ ಕೈ ತಟ್ಟೆಯ ಮೇಲೆ ನಿಲ್ಲುವುದಿಲ್ಲ. ಅಕ್ಕ ಮನೆಯಲ್ಲಿ ಮಾತಾಡುತ್ತಾಳೆ. ಮೊದಲಿನ ಹಾಗೆ ಅಲ್ಲ, ಆದರೆ ಕೇಳದೆಯೂ ನಾಲ್ಕು ಮಾತು ಹೇಳುತ್ತಾಳೆ.

ಹೋದ ತಿಂಗಳು ಅದೇ ಇಂಜಿನಿಯರ್ ಮತ್ತೆ ಬಂದಿದ್ದಾನೆ. ಈ ಸಲ ತಂದಿರುವುದು ಕಲ್ಲಿನ ಒಳಗನ್ನೇ ನೋಡುವ ಯಂತ್ರವಂತೆ. ಬೆಲ್ಟಿನ ಮೇಲೆ ಹೋಗುವ ಪ್ರತಿ ತುಂಡನ್ನು ಎಕ್ಸ್‌ರೇ ಥರ ನೋಡಿ, ಕಲ್ಲಾದರೆ ಗಾಳಿಯಿಂದ ಊದಿ ಆಚೆಗೆ ಹಾರಿಸುತ್ತದೆ. ಯಾವುದು ಕಲ್ಲು, ಯಾವುದು ಕಲ್ಲಿದ್ದಲು ಎಂದು ಅದಕ್ಕೆ ಮೊದಲು ತೋರಿಸಿಕೊಡಬೇಕು. ಸಾವಿರಾರು ತುಂಡು, ಆ ಕೆಲಸ ನನ್ನದು. ಆಪರೇಟರ್ ಈ ಸಲ ಗುಟ್ಟು ಮಾಡಲಿಲ್ಲ. 'ಇದು ಕಲಿತ ಮ್ಯಾಲೆ ಕ್ಯಾಬಿನ್ ಬೇಕಾಗಂಗಿಲ್ರಿ,' ಎಂದ.

ಹಾಗಾದರೆ ನನಗೆ ಬಿಡುಗಡೆ. ಅದನ್ನೇ ತಾನೆ ಬಯಸುತ್ತಿದ್ದದ್ದು. ಆದರೂ ಮೊದಲ ದಿನ ಒಂದು ಕರಿಕಲ್ಲನ್ನು ಗೊತ್ತಿದ್ದೂ ಕಲ್ಲಿದ್ದಲಿನ ತಟ್ಟೆಗೆ ಹಾಕಿದೆ. ತಪ್ಪು ಕಲಿಯಲಿ, ನಾಲ್ಕು ದಿನ ತಡವಾಗಲಿ ಎಂದು. ಆ ತಟ್ಟೆಯಲ್ಲಿ ಅದು ಬಿದ್ದ ಸದ್ದು ನನಗೆ ತಡೆಯಲಾಗಲಿಲ್ಲ. ಸುತ್ತ ಇದ್ದ ಕಲ್ಲಿದ್ದಲಿನ ನಡುವೆ ಅದೊಂದೇ ಬೇರೆಯಾಗಿ ಟಂಕ್ ಎಂದಿತ್ತು. ಆಮೇಲೆ ತೆಗೆದು ಕಲ್ಲಿನ ತಟ್ಟೆಗೆ ಹಾಕಿದೆ.

ಅಂದು ಸಂಜೆ ಮನೆಗೆ ಹೋದವಳೇ, ಚಪ್ಪಲಿ ಬಿಡುವ ಮೊದಲೇ ಅಕ್ಕನಿಗೆ ಎಲ್ಲವನ್ನೂ ಹೇಳಿದೆ.

'ಎಷ್ಟು ದಿನದಾಗ ಕಲೀತತಂತ ಅದು?'

'ಎರಡು ತಿಂಗಳು ಅಂತಾರೆ.'

'ಆಮ್ಯಾಲೆ?'

'ಗೊತ್ತಿಲ್ಲ ಅಕ್ಕ.'

ಇದ್ದಿಲ ಕೆಲಸಕ್ಕೆ ಬಾ ಎನ್ನುತ್ತಾಳೆ ಎಂದು ಕಾದೆ. ಅವಳು ಹಾಗೆ ಅನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. 'ಕೈ ತೊಳಕೊಂಡು ಬಾ, ಉಣ್ಣು' ಎಂದು ಒಳಗೆ ಹೋದಳು.

ದಿನವೂ ಹೋಗುತ್ತಿದ್ದೇನೆ. ತುಂಡು ಎತ್ತುತ್ತೇನೆ, ತಟ್ಟುತ್ತೇನೆ, ಬೇರೆ ಮಾಡುತ್ತೇನೆ. ಈವರೆಗೆ ಒಂದನ್ನೂ ತಪ್ಪು ತೋರಿಸಿಲ್ಲ.